ಭಾರ ಎಳೆಯುವ ಬಂಡಿ: ಅಮೆರಿಕದ ಹೆವಿ ಡ್ಯೂಟಿ ಪಿಕಪ್ ಟ್ರಕ್ಕನ್ನು ಆರಿಸುವ ಬಗೆ

ನಮ್ಮ ಸಂಘದ ಅನೇಕ ಸದಸ್ಯರ ಮನೆಗಳಲ್ಲಿ ಮಗನೋ ಮಗಳೋ ತಮ್ಮನೋ ಅಮೆರಿಕದಲ್ಲಿ ನೆಲೆಸಿರುವುದು ಈಗ ವಿಶೇಷವೇನಲ್ಲ. ಅಲ್ಲಿಂದ ಬರುವ ದೂರವಾಣಿ ಕರೆಗಳಲ್ಲಿ ಮನೆ, ಮಕ್ಕಳ ಶಾಲೆ, ಹವಾಮಾನಗಳ ಜೊತೆಗೆ ಈಚೆಗೆ 'ಟ್ರಕ್ ಕೊಳ್ಳಬೇಕೆಂದಿದ್ದೇವೆ' ಎಂಬ ಮಾತೂ ಕೇಳಿಬರುತ್ತದೆ. ನಮ್ಮಲ್ಲಿ ಪಿಕಪ್ ಎಂದರೆ ಮಂಡಿಗೆ ತರಕಾರಿ ಸಾಗಿಸುವ ವಾಹನ. ಅಲ್ಲಿ ಅದು ವಾರದ ದಿನಗಳಲ್ಲಿ ಕಚೇರಿಗೆ ಒಯ್ಯುವ, ರಜೆಯ ದಿನಗಳಲ್ಲಿ ದೋಣಿಯನ್ನೋ ಕುದುರೆಗಳನ್ನೋ ಗಾಲಿಯ ಮೇಲಿನ ಮನೆಯನ್ನೋ ಎಳೆಯುವ ಸಂಸಾರದ ವಾಹನ. ಅದನ್ನು ಆರಿಸುವ ಬಗೆಯನ್ನು ನಾವು ಕಲಿಯಬೇಕಾಗಿ ಬಂದದ್ದು ಒಂದು ಭಯದ ಪ್ರಸಂಗದಿಂದ. ಅದನ್ನು ಮೊದಲು ಹೇಳಿ, ಅನಂತರ ಲೆಕ್ಕಕ್ಕೆ ಬರುತ್ತೇವೆ.

2023ರ ಬೇಸಿಗೆಯಲ್ಲಿ ನಾವು ದಂಪತಿಗಳು ಗಳಿಕೆ ರಜೆ ಹಾಕಿ ಟೆಕ್ಸಸ್‌ನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆವು. ಅವನಲ್ಲಿ ಆಗ ಇದ್ದದ್ದು ಅಮೆರಿಕನ್ನರು 'ಹಾಫ್ ಟನ್' ಎಂದು ಕರೆಯುವ ಹಗುರ ವರ್ಗದ ಪಿಕಪ್. ಮುಂದಿನ ಸಾಲಿನಲ್ಲೂ ಮೂವರು ಕೂರಬಹುದಾದದ್ದು. ಅದರ ಹಿಂದೆ ಹಾಸಿಗೆ, ಅಡಿಗೆಯ ಒಲೆ, ಶೌಚಗೃಹಗಳಿರುವ ಟ್ರೇಲರ್ ಮನೆ. ಸಾಮಾನು ತುಂಬಿ ಕೊಕ್ಕೆ ಸಿಕ್ಕಿಸಿದಾಗ ಟ್ರಕ್ಕಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ಅದನ್ನು ಸರಿಪಡಿಸಲೆಂದು ನೀರಿನ ಡಬ್ಬಗಳನ್ನೂ ಭಾರದ ಪೆಟ್ಟಿಗೆಗಳನ್ನೂ ಟ್ರೇಲರಿನ ಹಿಂದಿನ ತುದಿಗೆ ಸರಿಸಿದೆವು. ಟ್ರಕ್ ಸಮನಾಗಿ ನಿಂತಿತು. ನಾವು ಆರು ಜನ ನಿಶ್ಚಿಂತೆಯಿಂದ ಹೊರಟೆವು.

ಹೆದ್ದಾರಿಯಲ್ಲಿ ಒಂದು ದೊಡ್ಡ ಲಾರಿ ಪಕ್ಕದಲ್ಲಿ ರಭಸದಿಂದ ದಾಟಿಹೋದಾಗ ಟ್ರೇಲರ್ ಒಮ್ಮೆ ಎಡಕ್ಕೆ ವಾಲಿತು, ಮತ್ತೆ ಬಲಕ್ಕೆ, ಮತ್ತೆ ಇನ್ನೂ ಜೋರಾಗಿ ಎಡಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಕಣ್ಣಾರೆ ಕಂಡಂತಾಯಿತು. ತಮ್ಮನು ಗಾಬರಿಯಿಂದ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕಿದನು. ಬಂಡಿ ಹತೋಟಿಗೆ ಬಂದಿತು. ರಸ್ತೆಯ ಅಂಚಿನಲ್ಲಿ ನಿಂತಾಗ ಮಕ್ಕಳಿಬ್ಬರೂ ಮಾತನಾಡುತ್ತಿರಲಿಲ್ಲ. ನಮ್ಮ ಶ್ರೀಮತಿಯವರ ಕೈ ಬಹಳ ಹೊತ್ತು ನಡುಗುತ್ತಿತ್ತು.

"ಅಣ್ಣ, ಈ ಟ್ರಕ್ಕು 9,500 ಪೌಂಡ್ ಎಳೆಯುತ್ತದೆ. ನಮ್ಮ ಟ್ರೇಲರ್ ತುಂಬಿದರೂ 7,600 ಪೌಂಡ್. ತಪ್ಪೆಲ್ಲಾಯಿತು?" ಎಂದು ತಮ್ಮ ಅಂದು ರಾತ್ರಿ ಕೇಳಿದನು. ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತಲೇ ತಲೆ ನರೆಯಿಸಿಕೊಂಡ ನಮಗೆ ಯಂತ್ರವಿದ್ಯೆ ತಿಳಿಯದು. ಆದರೆ ಕೂಡಿ ಕಳೆಯುವುದು ಬರುತ್ತದೆ. ಕಾಗದ ತೆಗೆದುಕೊಂಡು ಕುಳಿತೆವು.

ಎಳೆಯುವುದು ಒಂದು, ಹೊರುವುದು ಮತ್ತೊಂದು

ಜಾಹೀರಾತುಗಳಲ್ಲಿ ದಪ್ಪ ಅಕ್ಷರಗಳಲ್ಲಿ ಕಾಣುವುದು ಎಳೆತದ ಮಿತಿ. ಆದರೆ ಟ್ರೇಲರ್ ಎಂಬುದು ಬರಿಯ ಎಳೆಯುವ ವಸ್ತುವಲ್ಲ. ಅದರ ಭಾರದ ಒಂದು ಪಾಲು ಕೊಕ್ಕೆಯ ಮೂಲಕ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತದೆ. ಎತ್ತಿನ ಗಾಡಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಡಿಗೆ ಮುಂಭಾರ ಹೆಚ್ಚಾದರೆ ನೊಗ ಎತ್ತುಗಳ ಕತ್ತನ್ನು ಒತ್ತುತ್ತದೆ. ಹಿಂಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಎರಡೂ ಕೆಟ್ಟವೇ. ಸಾಧಾರಣ ಕೊಕ್ಕೆಯ ಟ್ರೇಲರಿನಲ್ಲಿ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಮೂಕಿಯ ಮೇಲೆ ಇರಬೇಕು. ಟ್ರಕ್ಕಿನ ತೊಟ್ಟಿಯೊಳಗೇ ಕೊಂಡಿ ಹಾಕುವ 'ಫಿಫ್ತ್ ವೀಲ್' ಬಗೆಯಲ್ಲಿ ಈ ಪಾಲು ಸುಮಾರು ಶೇಕಡಾ 15ರಿಂದ 25. ಸಾಧಾರಣ ಟ್ರೇಲರಿನಲ್ಲಿ ಶೇಕಡಾ 10ಕ್ಕಿಂತ ಕಡಿಮೆಯಾದರೆ ಅದು ಬಾಲದಂತೆ ಆಡತೊಡಗುತ್ತದೆ. ಸಾಮಾನನ್ನು ಹಿಂದಕ್ಕೆ ಸರಿಸಿ ನಾವು ಮಾಡಿದ ತಪ್ಪು ಇದೇ.

ಹಾಗಾದರೆ ಸಾಮಾನನ್ನು ಮುಂದೆಯೇ ಇಟ್ಟಿದ್ದರೆ? ಟ್ರಕ್ಕಿನ ಚಾಲಕನ ಬಾಗಿಲ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಮೀರಬಾರದು ಎಂಬುದು, ಆ ಒಂದು ವಾಹನಕ್ಕೇ ಸಂಬಂಧಿಸಿದಂತೆ, ಅದರಲ್ಲಿರುತ್ತದೆ. ಇದೇ ಹೊರೆಯ ಮಿತಿ, ಅಂದರೆ ಪೇಲೋಡ್. ತಮ್ಮನ ಟ್ರಕ್ಕಿನದು 1,500 ಪೌಂಡ್. ಈಗ ಲೆಕ್ಕ ನೋಡಿ. 7,600 ಪೌಂಡಿನ ಶೇಕಡಾ 13 ಎಂದರೆ ಮೂಕಿಯ ಭಾರ ಸುಮಾರು 990. ನಾವು ಆರು ಜನರ ತೂಕ 860. ಕೊಕ್ಕೆಯ ಉಪಕರಣ 100. ತೊಟ್ಟಿಯಲ್ಲಿಟ್ಟ ಸಾಮಾನು 150. ಒಟ್ಟು 2,100 ಪೌಂಡ್. ಮಿತಿಗಿಂತ 600 ಪೌಂಡ್, ಅಂದರೆ ಸುಮಾರು 270 ಕಿಲೋ ಅಧಿಕ! ಎಳೆತದ ಮಿತಿಯೊಳಗೆ ನೆಮ್ಮದಿಯಾಗಿದ್ದ ಬಂಡಿ ಹೊರೆಯ ಮಿತಿಯನ್ನು ಎಂದೋ ಮೀರಿತ್ತು.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಎಳೆತದ ಮಿತಿಯೆಂಬುದು 'ಇಷ್ಟು ಲಕ್ಷದವರೆಗೆ ಸಾಲ' ಎಂಬ ಫಲಕವಿದ್ದಂತೆ. ಹೊರೆಯ ಮಿತಿಯೆಂಬುದು ಮನೆಖರ್ಚು ಕಳೆದು ಕೈಯಲ್ಲಿ ಉಳಿಯುವ ಸಂಬಳವಿದ್ದಂತೆ. ಕಂತು ಕಟ್ಟುವುದು ಈ ಎರಡನೆಯದರಿಂದ.

ಎಳೆತದ ಮಿತಿಯನ್ನು ಅಳೆಯಲು ಎಸ್‌ಎಇ ಸಂಸ್ಥೆಯ ಜೆ2807 ಎಂಬ ಮಾನದಂಡವಿದೆ. ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯ ಉದ್ದನೆಯ ಏರುರಸ್ತೆ ಅದರ ಪರೀಕ್ಷೆಗಳಲ್ಲೊಂದಕ್ಕೆ ಮಾದರಿ. ಈ ಮಾನದಂಡ ಬಂದ ಮೇಲೆ ಒಂದು ಕಂಪನಿಯ ಅಂಕಿಯನ್ನು ಮತ್ತೊಂದರದರೊಡನೆ ಹೋಲಿಸುವುದು ಸುಲಭವಾಯಿತು. ಆದರೂ ಅದು ಟ್ರಕ್ಕಿನಲ್ಲಿ ಲೆಕ್ಕ ಹಿಡಿಯುವುದು ತಲಾ 150 ಪೌಂಡಿನ ಇಬ್ಬರನ್ನು ಮಾತ್ರ. ಅಣ್ಣ, ಅತ್ತಿಗೆ, ಮಕ್ಕಳು, ಉಪ್ಪಿನಕಾಯಿ ಭರಣಿ ಅದರಲ್ಲಿ ಸೇರಿಲ್ಲ.

ವರ್ಗಗಳ ಪರಿಚಯ

ಅಲ್ಲಿನ ಪಿಕಪ್‌ಗಳನ್ನು ಹಾಫ್ ಟನ್, ತ್ರೀ ಕ್ವಾರ್ಟರ್ ಟನ್, ಒನ್ ಟನ್ ಎಂದು ಮೂರಾಗಿ ವಿಂಗಡಿಸುತ್ತಾರೆ. ಇವು ಹಳೆಯ ಕಾಲದ ಹೊರೆಯ ಮಿತಿಯಿಂದ ಬಂದ ಹೆಸರುಗಳು. ಇಂದಿನ ಟ್ರಕ್ಕುಗಳು ಅದಕ್ಕಿಂತ ಹೆಚ್ಚನ್ನೇ ಹೊರುತ್ತವೆ. ಫೋರ್ಡ್ ಎಫ್-150, ರಾಮ್ 1500, ಶೆವ್ರೊಲೆ ಸಿಲ್ವರಾಡೊ 1500 ಮೊದಲನೆಯ ವರ್ಗದವು. ಎಫ್-250, ರಾಮ್ 2500, ಸಿಲ್ವರಾಡೊ 2500 ಎರಡನೆಯವು. ಎಫ್-350 ಮತ್ತು 3500 ಎಂಬ ಸಂಖ್ಯೆಯವು ಮೂರನೆಯವು. ಕೊನೆಯ ಎರಡನ್ನು ಸೇರಿಸಿ ಹೆವಿ ಡ್ಯೂಟಿ ಎನ್ನುತ್ತಾರೆ. ಇವುಗಳ ಚೌಕಟ್ಟು, ಅಚ್ಚು, ಬ್ರೇಕು, ಸ್ಪ್ರಿಂಗುಗಳೆಲ್ಲವೂ ದಪ್ಪನೆಯವು.

ಮೂರನೆಯ ವರ್ಗದಲ್ಲಿ ಹಿಂದಿನ ಅಚ್ಚಿಗೆ ಎರಡರ ಬದಲು ನಾಲ್ಕು ಚಕ್ರಗಳಿರುವ 'ಡ್ಯುಯಲಿ' ಎಂಬ ಬಗೆಯೂ ಉಂಟು. ಬಹು ಭಾರದ ಫಿಫ್ತ್ ವೀಲ್ ಟ್ರೇಲರಿಗೆ ಅದು ಸ್ಥಿರತೆ ಕೊಡುತ್ತದೆ. ಆದರೆ ಅದರ ಅಗಲ ಸುಮಾರು 8 ಅಡಿ. ದಿನವೂ ಕಚೇರಿಗೆ, ದಿನಸಿ ಅಂಗಡಿಗೆ ಒಯ್ಯುವವರಿಗೆ ಅದು ಶಿಕ್ಷೆ.

ಒಂದು ಎಚ್ಚರಿಕೆ. ಹೆವಿ ಡ್ಯೂಟಿ ಎಂದ ಮಾತ್ರಕ್ಕೆ ಹೊರೆಯ ಮಿತಿ ಬಹಳವಿರುತ್ತದೆಂದು ತಿಳಿಯಬಾರದು. ಎರಡನೆಯ ವರ್ಗದ ಅನೇಕ ಟ್ರಕ್ಕುಗಳ ಒಟ್ಟು ತೂಕದ ಮಿತಿ 10,000 ಪೌಂಡ್. ಟ್ರಕ್ಕಿನ ಸ್ವಂತ ತೂಕವನ್ನು ಅದರಿಂದ ಕಳೆದರೆ ಉಳಿಯುವುದೇ ಹೊರೆಯ ಮಿತಿ. ಚರ್ಮದ ಆಸನ, ಗಾಜಿನ ಛಾವಣಿ, ಡೀಸೆಲ್ ಎಂಜಿನ್ ಎಂದು ಸೇರಿಸಿದಷ್ಟೂ ಸ್ವಂತ ತೂಕ ಏರುತ್ತದೆ, ಹೊರುವ ಶಕ್ತಿ ಇಳಿಯುತ್ತದೆ. ಸಮೀಪದ ಮಾರಾಟ ಮಳಿಗೆಯಲ್ಲಿ ನಾವು ಕಂಡ ಒಂದೇ ಮಾದರಿಯ ಎರಡು ಟ್ರಕ್ಕುಗಳಲ್ಲಿ ಪೆಟ್ರೋಲಿನದರ ಚೀಟಿಯಲ್ಲಿ 3,000 ಪೌಂಡ್, ಡೀಸೆಲಿನದರಲ್ಲಿ 2,300 ಪೌಂಡ್ ಇತ್ತು. ಆದ್ದರಿಂದ ಪುಸ್ತಿಕೆಯನ್ನು ನಂಬದೆ, ಕೊಳ್ಳುವ ಟ್ರಕ್ಕಿನ ಬಾಗಿಲನ್ನೇ ತೆರೆದು ಓದಬೇಕು.

ಪೆಟ್ರೋಲೋ ಡೀಸೆಲೋ

ಡೀಸೆಲ್ ಎಂಜಿನ್ನಿನ ಮಹಿಮೆಯನ್ನು ಅಲ್ಲಗಳೆಯಲಾಗದು. ಕಡಿಮೆ ವೇಗದಲ್ಲೇ ಅದು ಅಪಾರ ಎಳೆತ ಕೊಡುತ್ತದೆ. ಇಳಿಜಾರಿನಲ್ಲಿ ಅದರ ಎಗ್ಸಾಸ್ಟ್ ಬ್ರೇಕ್ ಚಕ್ರದ ಬ್ರೇಕುಗಳು ಕಾದು ಸೋಲದಂತೆ ಕಾಯುತ್ತದೆ. ಟರ್ಬೊ ಇರುವುದರಿಂದ ಕೊಲೊರಾಡೊದಂಥ ಎತ್ತರದ ಸೀಮೆಯಲ್ಲಿ ಕಸುವು ಕುಂದುವುದು ಕಡಿಮೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನು ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 12,000 ಪೌಂಡಿಗೂ ಮೀರಿದ ಟ್ರೇಲರನ್ನು ತಿಂಗಳಿಗೆ ಹಲವು ಸಲ ಬೆಟ್ಟಗಳಲ್ಲಿ ಎಳೆಯುವವರು ಡೀಸೆಲನ್ನೇ ಕೊಳ್ಳುವುದು ಲೇಸು.

ಆದರೆ ಅದರ ಬೆಲೆ ಸುಮಾರು 10,000 ಡಾಲರ್ ಹೆಚ್ಚು. ಅಲ್ಲದೆ ಅದರ ಹೊಗೆಯ ದಾರಿಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಶೋಧಕವಿದೆ. ಎಂಜಿನ್ ಚೆನ್ನಾಗಿ ಕಾದು ಸ್ವಲ್ಪ ಹೊತ್ತು ಓಡಿದಾಗ ಮಾತ್ರ ಆ ಮಸಿ ಸುಟ್ಟು ಶೋಧಕ ಶುದ್ಧವಾಗುತ್ತದೆ. ದಿನವೂ ನಾಲ್ಕೈದು ಮೈಲಿ ಓಡಿಸಿ ನಿಲ್ಲಿಸಿದರೆ ಅದು ಕಟ್ಟಿಕೊಳ್ಳುತ್ತದೆ, ರಿಪೇರಿ ದುಬಾರಿ. ಆಗಾಗ ಯೂರಿಯಾ ದ್ರವವನ್ನೂ ತುಂಬಬೇಕು.

ಇಂಧನದಲ್ಲಿ ಉಳಿತಾಯವಾಗುವುದಿಲ್ಲವೇ? 8,500 ಪೌಂಡಿಗೆ ಮೀರಿದ ಈ ಟ್ರಕ್ಕುಗಳಿಗೆ ಅಮೆರಿಕ ಸರ್ಕಾರದ ಮೈಲೇಜ್ ಚೀಟಿ ಕಡ್ಡಾಯವಲ್ಲದ ಕಾರಣ ನಾವೇ ಅಂದಾಜು ಹಿಡಿದೆವು. ವರ್ಷಕ್ಕೆ 10,000 ಮೈಲಿ. ಗ್ಯಾಲನ್ನಿಗೆ ಪೆಟ್ರೋಲಿನಲ್ಲಿ 13 ಮೈಲಿ, ಡೀಸೆಲಿನಲ್ಲಿ 17 ಮೈಲಿ. ಬೆಲೆ ಅನುಕ್ರಮವಾಗಿ 3.20 ಮತ್ತು 3.80 ಡಾಲರ್ ಎಂದಿಟ್ಟುಕೊಳ್ಳಿ. ಪೆಟ್ರೋಲಿಗೆ ವರ್ಷಕ್ಕೆ ಸುಮಾರು 2,460 ಡಾಲರ್, ಡೀಸೆಲಿಗೆ 2,235. ಉಳಿತಾಯ 225 ಡಾಲರ್! ಹೆಚ್ಚಿಗೆ ಕೊಟ್ಟ 10,000 ಮರಳಲು 44 ವರ್ಷ ಬೇಕು. ಮಾರುವಾಗ ಡೀಸೆಲ್ ಟ್ರಕ್ಕಿಗೆ ಒಳ್ಳೆಯ ಬೆಲೆ ಬರುವುದು ನಿಜ. ಆದರೂ ಈ ಲೆಕ್ಕ ತಮ್ಮನ ಕಣ್ಣು ತೆರೆಸಿತು. ಅವನ ಕಚೇರಿ ಮನೆಯಿಂದ ಕೇವಲ 5 ಮೈಲಿ. ಟ್ರೇಲರ್ ಎಳೆಯುವುದು ವರ್ಷಕ್ಕೆ ಆರೇಳು ಸಲ.

ದಿನನಿತ್ಯದ ಬದುಕಿನಲ್ಲಿ

ನಾಲ್ಕು ಬಾಗಿಲಿನ ಹೆವಿ ಡ್ಯೂಟಿ ಟ್ರಕ್ಕಿನ ಉದ್ದ ಸುಮಾರು 21 ಅಡಿ, ಎತ್ತರ ಆರೂವರೆ ಅಡಿಗೂ ಹೆಚ್ಚು. ಮನೆಯ ಗ್ಯಾರೇಜಿನಲ್ಲಿ ಹಿಡಿಸುವುದೇ, ಕಚೇರಿಯ ಬಹುಮಹಡಿ ನಿಲುಗಡೆಯ ಛಾವಣಿಗೆ ತಾಗುವುದೇ ಎಂಬುದನ್ನು ಟೇಪು ಹಿಡಿದು ಅಳೆದ ಮೇಲೆಯೇ ಮುಂಗಡ ಕೊಡಬೇಕು. ಭಾರಕ್ಕೆಂದು ಮಾಡಿದ ಸ್ಪ್ರಿಂಗು ಖಾಲಿ ಬಂಡಿಯನ್ನು ಕುಲುಕಾಡಿಸುತ್ತದೆ. ಪರೀಕ್ಷೆಗೆ ಓಡಿಸುವಾಗ ನುಣುಪು ಹೆದ್ದಾರಿಯ ಜೊತೆಗೆ ಹದಗೆಟ್ಟ ಬೀದಿಯಲ್ಲೂ, ಇಕ್ಕಟ್ಟಾದ ನಿಲುಗಡೆಯಲ್ಲೂ ಓಡಿಸಿ ನೋಡಬೇಕು. ಹೆಂಡತಿ ಮಕ್ಕಳನ್ನು ಹಿಂದಿನ ಆಸನದಲ್ಲಿ ಕೂರಿಸಿಕೊಂಡೇ ಹೋಗಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಮೆಟ್ಟಿಲ ಹಲಗೆಯಿಲ್ಲದೆ ಅವರು ಹತ್ತಲಾರರು.

ಟ್ರೇಲರಿನ ತೂಕವನ್ನು ಲೆಕ್ಕ ಹಾಕುವಾಗ ಮಾರುವವರು ಹೇಳುವ ಖಾಲಿ ತೂಕವನ್ನು ಹಿಡಿಯದೆ, ತುಂಬಿದ ಮೇಲಿನ ಗರಿಷ್ಠ ತೂಕವನ್ನೇ ಹಿಡಿಯಬೇಕು. 40 ಗ್ಯಾಲನ್ ನೀರೊಂದೇ ಸುಮಾರು 330 ಪೌಂಡ್ ಆಗುತ್ತದೆ. ಸಾಮಾನಿನ ಶೇಕಡಾ 60ರಷ್ಟು ಟ್ರೇಲರಿನ ಅಚ್ಚಿಗಿಂತ ಮುಂದಿರಲಿ. ಟ್ರಕ್ಕಿನಲ್ಲಿ ಟ್ರೇಲರ್ ಬ್ರೇಕಿನ ನಿಯಂತ್ರಕವಿರಲಿ. ಮೊದಲ ಪ್ರಯಾಣಕ್ಕೆ ಮುನ್ನ ಹೆದ್ದಾರಿಯ ಲಾರಿ ನಿಲ್ದಾಣಗಳಲ್ಲಿರುವ ತೂಕದ ಕಟ್ಟೆಯ ಮೇಲೆ ಎಲ್ಲರೂ ಕುಳಿತು, ಎಲ್ಲವನ್ನೂ ತುಂಬಿ ಒಮ್ಮೆ ತೂಗಿಸಬೇಕು. ಅದಕ್ಕೆ ತಗಲುವ ಹಣ ಅಲ್ಪ. ಟ್ರಕ್ಕು, ಟ್ರೇಲರ್ ಸೇರಿ ತೂಕದ ಮಿತಿ 26,000 ಪೌಂಡ್ ದಾಟುವುದಾದರೆ ಬೇರೆ ಬಗೆಯ ಪರವಾನಗಿ ಬೇಕಾಗಬಹುದು. ಆಯಾ ರಾಜ್ಯದ ನಿಯಮವನ್ನು ಕೇಳಿ ತಿಳಿಯಬೇಕು.

ಬ್ಯಾಂಕಿನವರಾಗಿ ಇನ್ನೊಂದು ಮಾತು. ಅಲ್ಲಿ ವಾಹನ ಸಾಲವನ್ನು 72, 84 ತಿಂಗಳವರೆಗೂ ಎಳೆಯುತ್ತಾರೆ. ಕಂತು ಸಣ್ಣದಾಗಿ ಕಾಣುತ್ತದೆ. ಆದರೆ ಟ್ರಕ್ಕಿನ ಬೆಲೆ ಇಳಿಯುವಷ್ಟು ಬೇಗ ಸಾಲ ಇಳಿಯುವುದಿಲ್ಲ. ನಡುವೆ ಮಾರಬೇಕಾಗಿ ಬಂದರೆ ಕೈಯಿಂದ ಹಣ ಕೊಟ್ಟು ಮಾರುವ ಪರಿಸ್ಥಿತಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಟೆಕ್ಸಸ್‌ನಲ್ಲೂ ಸುಳ್ಳಾಗುವುದಿಲ್ಲ.

ಕೊನೆಗೆ ತಮ್ಮನು ಮೂರು ವರ್ಷ ಹಳೆಯದಾದ, ಪೆಟ್ರೋಲಿನ, ತ್ರೀ ಕ್ವಾರ್ಟರ್ ಟನ್ ವರ್ಗದ ಟ್ರಕ್ಕನ್ನು 48 ತಿಂಗಳ ಸಾಲದಲ್ಲಿ ಕೊಂಡನು. ಹೊರೆಯ ಮಿತಿ 3,000 ಪೌಂಡ್. ನಮ್ಮ 2,100 ಕಳೆದರೆ 900 ಮಿಕ್ಕುತ್ತದೆ. ನಾವು ಮರಳಿ ಹೊರಡುವ ಮೊದಲು ಅದೇ ಟ್ರೇಲರ್ ಕಟ್ಟಿಕೊಂಡು ಅದೇ ಹೆದ್ದಾರಿಯಲ್ಲಿ ಮತ್ತೊಮ್ಮೆ ಹೋದೆವು. ಲಾರಿಗಳು ದಾಟಿಹೋದವು, ಬಂಡಿ ಮಿಸುಕಲಿಲ್ಲ. ಸ್ವಲ್ಪ ದೂರ ಸಾಗಿದ ಮೇಲೆ ನಮ್ಮ ಶ್ರೀಮತಿಯವರು ಹಿಡಿದಿದ್ದ ಹಿಡಿಕೆಯನ್ನು ಬಿಟ್ಟು, ಮಕ್ಕಳಿಗೆ ಚಕ್ಕುಲಿಯ ಡಬ್ಬಿ ತೆರೆದರು.

ನಿಮ್ಮ ಮನೆಯವರಾರಾದರೂ ಅಲ್ಲಿ ಇಂಥ ವಾಹನ ಕೊಳ್ಳುವ ವಿಚಾರದಲ್ಲಿದ್ದರೆ, ಮುಂದಿನ ಸಲ ಕರೆ ಬಂದಾಗ ಬಣ್ಣ ಯಾವುದೆಂದು ಕೇಳುವ ಮುನ್ನ ಬಾಗಿಲ ಚೀಟಿಯಲ್ಲಿ ಎಷ್ಟಿದೆ ಎಂದು ದಯವಿಟ್ಟು ಕೇಳಿ.