ನಿಮಗಿದು ಗೊತ್ತೆ? ಟ್ಯಾಂಗಲ್‌ವುಡ್‌ನ ಬೇಸಿಗೆ ಪಾಠ
ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಟ್ಯಾಂಗಲ್‌ವುಡ್, ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಬೇಸಿಗೆ ಉತ್ಸವದ ತಾಣ. ಸಂಗೀತ ರಚನೆಯ ಪಾಠಕ್ಕೂ ಅದು ಹೆಸರುವಾಸಿ. ಆರ್ಕೆಸ್ಟ್ರಾದ ಸಾರಥಿ ಸರ್ಗೇ ಕೂಸೆವಿಟ್ಸ್ಕಿ 1940ರಲ್ಲಿ ಇಲ್ಲಿ ಶಾಲೆ ತೆರೆದಾಗ, ರಚನೆ ಕಲಿಸಲು ಅಮೆರಿಕದ ಏರನ್ ಕೋಪ್ಲಂಡ್ ಮತ್ತು ಜರ್ಮನಿ ತೊರೆದು ಬಂದಿದ್ದ ಪಾಲ್ ಹಿಂಡೆಮಿಟ್ ಅವರನ್ನು ಕರೆಸಿಕೊಂಡರು.

ಉದ್ಘಾಟನೆಗೆ ಅಬ್ಬರದ ಗೀತೆಯೊಂದು ಬೇಕೆಂದು ರ‍್ಯಾಂಡಲ್ ಥಾಂಪ್ಸನ್ ಅವರನ್ನು ಕೇಳಲಾಗಿತ್ತು. ಫ್ರಾನ್ಸ್ ಆಗಷ್ಟೇ ನಾಜಿಗಳ ವಶವಾಗಿದ್ದರಿಂದ ಅವರು ಬರೆದದ್ದು ನಿಧಾನಗತಿಯ, ವಿಷಾದದ ‘ಅಲ್ಲೆಲೂಯ’. ಸಾಹಿತ್ಯವೆಂದರೆ ಆ ಒಂದೇ ಪದ, ಕೊನೆಗೊಂದು ‘ಆಮೆನ್’. ಹಾಳೆಗಳು ಕೈಸೇರಿದಾಗ ಕಾರ್ಯಕ್ರಮಕ್ಕೆ ಒಂದು ಗಂಟೆಯೂ ಉಳಿದಿರಲಿಲ್ಲ. ಪದ ಒಂದೇ ಆಗಿದ್ದರಿಂದ ಹಾಡುಗರು ಬಚಾವಾದರು ಎನ್ನಬೇಕು!

ಯುದ್ಧದಿಂದಾಗಿ 1943ರಿಂದ ಮೂರು ಬೇಸಿಗೆ ಶಾಲೆ ನಡೆಯಲಿಲ್ಲ. 1949ರಲ್ಲಿ ಫ್ರಾನ್ಸಿನ ಒಲಿವಿಯೆ ಮೆಸ್ಸಿಯಾನ್ ಪಾಠ ಹೇಳಿದರು. ಇಟಲಿಯ ಲೂಚಾನೊ ಬೆರಿಯೊ 1952ರಲ್ಲಿ ಇಲ್ಲಿಗೆ ಬಂದದ್ದು ತಮ್ಮದೇ ದೇಶದ ಲುಯಿಜಿ ದಲ್ಲಪಿಕ್ಕೊಲ ಅವರ ಬಳಿ ಕಲಿಯಲು. ಕೋಪ್ಲಂಡ್ ಅವರ ನಂಟು ಮಾತ್ರ ಎರಡು ದಶಕ ಮೀರಿ ಬೆಳೆಯಿತು.

ಇಂಥ ಶಾಲೆಯ ದೊಡ್ಡ ಅನುಕೂಲ ತರಗತಿಯ ಹೊರಗಿದೆ. ವಾದ್ಯ, ಗಾಯನ, ಸಂಚಾಲನೆ ಕಲಿಯುವವರೂ ಅಲ್ಲೇ ಇರುವುದರಿಂದ, ಕಾಗದದ ಮೇಲಿನ ರಚನೆ ಬೇಗನೆ ಕಿವಿಗೆ ಬೀಳುತ್ತದೆ. ಕೊಳಲಿನ ಸ್ವರವನ್ನು ತುತ್ತೂರಿ ನುಂಗಿಹಾಕಿದ್ದು ಆಗ ತಾನೇ ತಿಳಿಯುತ್ತದೆ; ನುಡಿಸುವವರೇ ‘ಇಲ್ಲಿ ಉಸಿರು ಸಾಲದು’ ಎಂದು ಹೇಳಿಬಿಡುತ್ತಾರೆ. 1964ರಿಂದ ಸಮಕಾಲೀನ ಸಂಗೀತಕ್ಕೆಂದೇ ಪ್ರತ್ಯೇಕ ಉತ್ಸವವೂ ಇಲ್ಲಿ ನಡೆಯುತ್ತಿದೆ.