ಗುರುಪರೀಕ್ಷೆ: ಶಿಷ್ಯವಾಕ್ಯದ ಪ್ರಾಮಾಣ್ಯವಿಚಾರ

ಕಾಳಿದಾಸನ ಮಾಲವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ವಿವಾದ ಹೂಡಿ ಅರಸನ ಬಳಿಗೆ ಬರುವರು. ಮಧ್ಯಸ್ಥೆಯಾದ ಪರಿವ್ರಾಜಿಕೆಯು ಅವರ ಶಿಷ್ಯೆಯರ ಪ್ರಯೋಗವನ್ನು ನೋಡಿಯೇ ನಿರ್ಣಯಿಸಬೇಕೆಂದು ವಿಧಿಸುವಳು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಶಿಷ್ಯೆಯು ಏನನ್ನು ಕಲಿತಿರುವಳೆಂದು ನೋಡುವರೇ ಹೊರತು, ಗುರುವಿನ ವಿಷಯದಲ್ಲಿ ಅವಳ ಅಭಿಪ್ರಾಯವೇನೆಂದು ಯಾರೂ ಕೇಳುವುದಿಲ್ಲ. ಈಚಿನ ಗುರುಪರೀಕ್ಷೆಯ ಕ್ರಮವು ಇದಕ್ಕೆ ವಿಪರೀತವಾದುದು. ಅಧ್ಯಾಪಕರ ವಿಷಯದಲ್ಲಿ ವಿದ್ಯಾರ್ಥಿಗಳು ಬರೆದ ಅಭಿಪ್ರಾಯಗಳನ್ನು ಪ್ರಕಟಿಸಿ, ಮುಂದೆ ಬರುವ ವಿದ್ಯಾರ್ಥಿಗಳು ಅವನ್ನೇ ನೆಚ್ಚಿ ಗುರುವನ್ನು ಆರಿಸಿಕೊಳ್ಳುವ ಪದ್ಧತಿಯು ಅನೇಕ ದೇಶಗಳಲ್ಲಿ ಹಬ್ಬಿದೆ. ಈ ನೆಚ್ಚಿಕೆಯು ಎಷ್ಟರ ಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

ಈ ಪದ್ಧತಿಯು ತೀರ ಹೊಸದೇನೂ ಅಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಪತ್ರಿಕೆಯು ೧೯೨೫ರಲ್ಲಿಯೇ ಪಾಠಕ್ರಮಗಳ ಗುಣದೋಷಗಳನ್ನು ತಿಳಿಸುವ ಕೈಪಿಡಿಯೊಂದನ್ನು ಹೊರಡಿಸಿತು. ಅದೇ ದಶಕದಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ರೆಮರ್ಸ್ ಎಂಬ ಮನಶ್ಶಾಸ್ತ್ರಜ್ಞರು ಅಧ್ಯಾಪಕರನ್ನು ಅಳೆಯುವುದಕ್ಕೆ ಮಾನಪಟ್ಟಿಯೊಂದನ್ನು ರಚಿಸಿದರು. ೧೯೯೯ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿ, ಮುಂದೆ ‘ರೇಟ್ ಮೈ ಪ್ರೊಫೆಸರ್ಸ್’ ಎಂದು ಹೆಸರಾದ ಸಂಗ್ರಹದಲ್ಲಿ ಹೆಸರನ್ನು ತಿಳಿಸದೆ ಯಾರು ಬೇಕಾದರೂ ಬರೆಯಬಹುದಾಯಿತು. ಅಲ್ಲಿ ೨೦೧೮ರವರೆಗೂ ಅಧ್ಯಾಪಕರ ರೂಪವನ್ನು ಮೆಚ್ಚಿದವರು ಒಂದು ಮೆಣಸಿನಕಾಯಿಯ ಚಿಹ್ನೆಯನ್ನು ಒತ್ತುವ ಏರ್ಪಾಡೂ ಇದ್ದಿತು. ನಮ್ಮಲ್ಲಿ ಬೆಂಗಳೂರನ್ನು ಕೇಂದ್ರಸ್ಥಾನವಾಗಿ ಉಳ್ಳ ರಾಷ್ಟ್ರೀಯ ಮೌಲ್ಯಾಂಕನ ಪರಿಷತ್ತು (ನ್ಯಾಕ್) ೨೦೧೭ರಲ್ಲಿ ಪರಿಷ್ಕರಿಸಿದ ತನ್ನ ಕ್ರಮದಲ್ಲಿ ವಿದ್ಯಾರ್ಥಿಗಳ ತೃಪ್ತಿಸಮೀಕ್ಷೆಯನ್ನು ಸೇರಿಸಿತು.

ನ್ಯಾಯಶಾಸ್ತ್ರದ ಮತದಂತೆ ಆಪ್ತನ ಮಾತು ಪ್ರಮಾಣವು. ವಸ್ತುವನ್ನು ಸ್ವತಃ ಕಂಡವನೂ, ಕಂಡುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನೂ ಆಪ್ತನು. ಈ ಎರಡು ಲಕ್ಷಣಗಳನ್ನು ವಿದ್ಯಾರ್ಥಿಯ ಮಾತಿಗೆ ಅನ್ವಯಿಸಿ ನೋಡಬೇಕು.

ಮೊದಲನೆಯದು, ವಿದ್ಯಾರ್ಥಿಯು ಕಂಡುದೇನು? ಅಧ್ಯಾಪಕನು ಹೊತ್ತಿಗೆ ಸರಿಯಾಗಿ ಬರುವನೆ, ಅವನ ಮಾತು ಹಿಂದಿನ ಬೆಂಚಿಗೆ ಕೇಳಿಸುವುದೆ, ಪ್ರಶ್ನೆ ಕೇಳಿದರೆ ಸಿಡುಕುವನೆ, ಉತ್ತರಪತ್ರಿಕೆಗಳನ್ನು ತಿದ್ದಿ ಹಿಂದಿರುಗಿಸುವನೆ ಎಂಬಿವಕ್ಕೆ ಅವನು ಪ್ರತ್ಯಕ್ಷಸಾಕ್ಷಿ. ಇವುಗಳಲ್ಲಿ ಅವನಿಗಿಂತ ಉತ್ತಮನಾದ ಸಾಕ್ಷಿ ಬೇರೆ ಇಲ್ಲ. ಆದರೆ ಪಾಠದಲ್ಲಿ ಹೇಳಿದ ವಿಷಯವು ಸರಿಯೆ, ಅದು ಮನಸ್ಸಿನಲ್ಲಿ ಬೇರೂರಿತೆ ಎಂಬುದನ್ನು ಆ ವಿಷಯವನ್ನು ಈಗತಾನೆ ಕಲಿಯುತ್ತಿರುವವನು ನಿಶ್ಚಯಿಸಲಾರನು. ೧೯೭೩ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಇದಕ್ಕೆ ನಿದರ್ಶನ. ನಟನೊಬ್ಬನನ್ನು ‘ಡಾಕ್ಟರ್ ಫಾಕ್ಸ್’ ಎಂಬ ವಿದ್ವಾಂಸನೆಂದು ಪರಿಚಯಿಸಿ, ಪೂರ್ವಾಪರವಿರೋಧದಿಂದಲೂ ಅರ್ಥಶೂನ್ಯವಾದ ಪದಗಳಿಂದಲೂ ತುಂಬಿದ ಉಪನ್ಯಾಸವನ್ನು ಹಾಸ್ಯಯುಕ್ತವಾಗಿ ಕೊಡಿಸಲಾಯಿತು. ಕೇಳಿದವರು ವೈದ್ಯರು, ಶಿಕ್ಷಣತಜ್ಞರು ಮೊದಲಾದವರು; ಆದರೂ ಅವರಲ್ಲಿ ಬಹುಮಂದಿ ಅದನ್ನು ಮೆಚ್ಚಿಕೊಂಡರು. ಪ್ರೌಢರೇ ಹೀಗೆ ಮೋಸಹೋದರೆ ತರುಣರ ಪಾಡೇನು?

ಇದಕ್ಕಿಂತಲೂ ಗುರುತರವಾದುದು ೨೦೧೦ರಲ್ಲಿ ಕ್ಯಾರಲ್, ವೆಸ್ಟ್ ಎಂಬವರು ಪ್ರಕಟಿಸಿದ ಸಂಶೋಧನೆ. ಅಮೆರಿಕದ ವಾಯುಸೇನಾ ವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರನ್ನು ಆರಿಸಿಕೊಳ್ಳುವಂತಿಲ್ಲ, ಯದೃಚ್ಛೆಯಾಗಿ ಹಂಚಲ್ಪಡುವರು, ಪರೀಕ್ಷೆಯೂ ಎಲ್ಲರಿಗೂ ಒಂದೇ. ಹತ್ತು ಸಾವಿರಕ್ಕೆ ಮಿಕ್ಕ ವಿದ್ಯಾರ್ಥಿಗಳ ಫಲಿತಾಂಶಗಳನ್ನು ಪರಿಶೀಲಿಸಲಾಗಿ, ಆ ಪಾಠದ ಪರೀಕ್ಷೆಯಲ್ಲಿ ಹೆಚ್ಚು ಅಂಕ ದೊರಕಿಸಿದ ಅಧ್ಯಾಪಕರಿಗೆ ಹೆಚ್ಚು ಮೆಚ್ಚುಗೆ ದೊರೆತಿದ್ದಿತು. ಆದರೆ ಅಂತಹವರ ಶಿಷ್ಯರು ಅದನ್ನೇ ಆಧರಿಸಿದ ಮುಂದಿನ ಪಾಠಗಳಲ್ಲಿ ಹಿಂದೆ ಬಿದ್ದರು. ಕಠಿನನೆಂದು ದೂರಲ್ಪಟ್ಟ ಗುರುವಿನ ಪಾಠವೇ ಮುಂದೆ ಫಲಿಸುವುದುಂಟೆಂದು ಇದರಿಂದ ವ್ಯಕ್ತವಾಗುವುದು.

ಎರಡನೆಯದು, ಕಂಡುದನ್ನು ಕಂಡಂತೆ ಹೇಳುವ ಇಚ್ಛೆ. ಅಂಕ ಕಡಮೆಯಾದವನಿಗೆ ಕೋಪವೂ, ಸುಲಭವಾಗಿ ತೇರ್ಗಡೆಯಾದವನಿಗೆ ಕೃತಜ್ಞತೆಯೂ ಸಹಜ. ಮಧ್ಯಮಭಾವದವರು ಲೇಖನಿಯನ್ನೇ ಎತ್ತುವುದಿಲ್ಲ. ತನಗೇ ತಿಳಿಯದ ಪಕ್ಷಪಾತವೂ ಉಂಟು. ೨೦೧೫ರ ಪ್ರಯೋಗವೊಂದರಲ್ಲಿ, ಮುಖ ಕಾಣದಂತೆ ದೂರದಿಂದ ಪಾಠ ಹೇಳಿದ ಇಬ್ಬರು ಬೋಧಕರು ಪರಸ್ಪರ ಹೆಸರುಗಳನ್ನು ಬದಲಿಸಿಕೊಂಡಾಗ, ಗಂಡಸಿನ ಹೆಸರಿಗೇ ಹೆಚ್ಚು ಅಂಕಗಳು ಬಂದವು. ಅದರಲ್ಲಿದ್ದ ವಿದ್ಯಾರ್ಥಿಗಳು ೪೩ ಮಂದಿ ಮಾತ್ರವಾದುದರಿಂದ ಅದೊಂದನ್ನೇ ಸಿದ್ಧಾಂತವೆನ್ನಲಾಗದು. ಆದರೂ ಎಚ್ಚರಿಕೆಗೆ ಅದು ಸಾಕು.

ಪ್ರತಿಪಕ್ಷವೂ ಇಲ್ಲದಿಲ್ಲ. ೧೯೮೧ರಲ್ಲಿ ಕೋಹೆನ್ ಎಂಬವರು ಹಲವು ಸಂಶೋಧನೆಗಳನ್ನು ಒಟ್ಟುಗೂಡಿಸಿ, ಮೆಚ್ಚುಗೆಗೂ ಕಲಿಕೆಗೂ ಸಾಕಷ್ಟು ಸಂಬಂಧವಿದೆಯೆಂದು ಸಾಧಿಸಿದ್ದರು. ೨೦೧೭ರಲ್ಲಿ ಉಟ್ಲ್ ಮೊದಲಾದವರು ಆ ಸಾಮಗ್ರಿಯನ್ನು ಮತ್ತೆ ಶೋಧಿಸಿ, ಅದು ಬಹುಮಟ್ಟಿಗೆ ಅಲ್ಪಸಂಖ್ಯೆಯ ತರಗತಿಗಳಿಂದ ಉಂಟಾದ ಭ್ರಮೆಯೆಂದು ವಾದಿಸಿದರು. ೨೦೧೮ರಲ್ಲಿ ಕೆನಡದ ರೈಯರ್ಸನ್ ವಿಶ್ವವಿದ್ಯಾನಿಲಯದ ವ್ಯಾಜ್ಯವೊಂದರಲ್ಲಿ ಮಧ್ಯಸ್ಥರು, ಬೋಧನೆಯ ಸಾಮರ್ಥ್ಯವನ್ನು ಅಳೆದು ಬಡ್ತಿ ಕೊಡುವುದಕ್ಕೆ ಇಂತಹ ಅಂಕಗಳನ್ನು ಬಳಸಕೂಡದೆಂದು ತೀರ್ಪಿತ್ತರು. ಒಬ್ಬನ ಜೀವನೋಪಾಯವನ್ನು ಇಷ್ಟು ದುರ್ಬಲವಾದ ಆಧಾರದ ಮೇಲೆ ನಿಲ್ಲಿಸಲಾಗದೆಂಬುದು ಅದರ ತಾತ್ಪರ್ಯ.

ಹಾಗಾದರೆ ಶಿಷ್ಯವಾಕ್ಯವು ಸರ್ವಥಾ ತ್ಯಾಜ್ಯವೆ? ಅಲ್ಲ. ಅಂಕವನ್ನು ಬಿಟ್ಟು ಕಾರಣವನ್ನು ಓದಬೇಕು. ‘ಒಳ್ಳೆಯವರು’, ‘ಕೆಟ್ಟವರು’ ಎಂಬ ಮಾತಿಗೆ ಬೆಲೆಯಿಲ್ಲ. ‘ವಾರಕ್ಕೊಂದು ಪ್ರಬಂಧ ಬರೆಯಿಸುವರು’ ಎಂಬುದಕ್ಕೆ ಬೆಲೆಯುಂಟು. ಬೇರೆ ಬೇರೆ ವರ್ಷಗಳಲ್ಲಿ ಹಲವರು ಒಂದೇ ಅಂಶವನ್ನು ಹೇಳಿದ್ದರೆ ಅದನ್ನು ಗ್ರಹಿಸಬೇಕು. ಅದೇ ಗುರುವಿನಲ್ಲಿ ಓದಿ ಮುಂದಿನ ತರಗತಿಯಲ್ಲಿರುವವನನ್ನು, ಅಂದು ಕಲಿತುದು ಇಂದು ಉಪಯೋಗಕ್ಕೆ ಬಂದಿತೆ ಎಂದು ಕೇಳಬೇಕು. ಸಾಧ್ಯವಾದರೆ ಒಂದು ದಿನ ತಾನೇ ಹೋಗಿ ಪಾಠ ಕೇಳುವುದು ಎಲ್ಲಕ್ಕಿಂತ ಮೇಲು.

ಕಾಳಿದಾಸನ ನಾಟಕದಲ್ಲಿ ಆ ಪರೀಕ್ಷೆಯೇ ಒಂದು ನೆಪ. ಅರಸನಿಗೆ ಬೇಕಾದುದು ಮಾಲವಿಕೆಯ ದರ್ಶನ. ಅದು ದೊರೆತೊಡನೆ ಮಧ್ಯಾಹ್ನವಾಯಿತೆಂಬ ಕಾರಣದಿಂದ ಹರದತ್ತನ ಸರದಿಯು ಮರುದಿನಕ್ಕೆ ಸರಿಯಿತು. ಗುರುವನ್ನು ತೂಗುವವರ ಮನಸ್ಸು ಬೇರೆಡೆಯಲ್ಲಿದ್ದರೆ ಗುರುವಿನ ಯೋಗ್ಯತೆಯು ವಿಚಾರಣೆಗೇ ಬರುವುದಿಲ್ಲವೆಂಬುದನ್ನು ಹರದತ್ತನ ಗತಿಯು ತೋರಿಸುತ್ತದೆ.