ಕೆಂಪಾದ ಅರಿಶಿನವೆಲ್ಲ ಕಲಬೆರಕೆಯೇ? ತೆಳುಪದರ ಕ್ರೊಮ್ಯಾಟೊಗ್ರಫಿ ಏನು ಹೇಳುತ್ತದೆ?

ಅಂಗಿಯ ಮೇಲೆ ಸಾರು ಚೆಲ್ಲಿದ ಹಳದಿ ಕಲೆಗೆ ಸೋಪು ಹಚ್ಚಿದರೆ ಕಲೆ ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಆರತಿಯ ನೀರು ಕೆಂಪಾಗುವುದೂ ಇದೇ ಕಾರಣಕ್ಕೆ. ಸೋಪು, ಸುಣ್ಣ ಎರಡೂ ಕ್ಷಾರೀಯ. ಕ್ಷಾರ ತಗುಲಿದಾಗ ಅರಿಶಿನದ ಬಣ್ಣದ ಅಣುಗಳ ರಚನೆ ಸ್ವಲ್ಪ ಬದಲಾಗಿ, ಹಳದಿ ಹೋಗಿ ಕೆಂಪು ಬರುತ್ತದೆ.

ಹೀಗಿದ್ದರೂ 'ಅರಿಶಿನಕ್ಕೆ ಸೋಪಿನ ನೀರು ಅಥವಾ ಆ್ಯಸಿಡ್ ಹಾಕಿ, ಕೆಂಪಾದರೆ ಕಲಬೆರಕೆ' ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಪ್ರಬಲ ಆಮ್ಲದಲ್ಲಿ ಶುದ್ಧ ಅರಿಶಿನವೂ ಕೆಂಪಾಗುತ್ತದೆ. ಮೆಟಾನಿಲ್ ಯೆಲ್ಲೋ ಎಂಬ ಕೃತಕ ಬಣ್ಣವೂ ಕೆಂಪಾಗುತ್ತದೆ. ಆದ್ದರಿಂದಲೇ ಆಮ್ಲದ ಪರೀಕ್ಷೆಯಲ್ಲಿ ಕೊನೆಗೆ ನೀರು ಸೇರಿಸಿ, ಕೆಂಪು ಉಳಿಯುತ್ತದೆಯೇ ಮಾಯವಾಗುತ್ತದೆಯೇ ಎಂದು ನೋಡುತ್ತಾರೆ. ಉಳಿದರೆ ಮೆಟಾನಿಲ್ ಯೆಲ್ಲೋ ಇರುವ ಅನುಮಾನ. ಅರ್ಧ ಕೇಳಿದ ಸಲಹೆಯಲ್ಲಿ ಈ ಕೊನೆಯ ಹಂತವೇ ಬಿಟ್ಟುಹೋಗಿರುತ್ತದೆ. (ಪ್ರಬಲ ಆಮ್ಲಗಳನ್ನು ಮನೆಯಲ್ಲಿ ಬಳಸುವುದು ಅಪಾಯಕಾರಿ, ಪ್ರಯತ್ನಿಸಬೇಡಿ.)

ಸಮಸ್ಯೆ ಇಷ್ಟೇ: ಮಿಶ್ರಣದಲ್ಲಿರುವ ಎಲ್ಲ ವಸ್ತುಗಳ ಬಣ್ಣ ಒಟ್ಟಾಗಿ ನಮ್ಮ ಕಣ್ಣಿಗೆ ಬೀಳುತ್ತದೆ. ಯಾವುದು ಯಾರದ್ದು ಎಂದು ತಿಳಿಯಬೇಕಾದರೆ ಮೊದಲು ಅವುಗಳನ್ನು ಬೇರ್ಪಡಿಸಬೇಕು. ಈ ಕೆಲಸವನ್ನು ಅರ್ಧ ಗಂಟೆಯೊಳಗೆ, ಅಂಗೈ ಅಗಲದ ಹಾಳೆಯೊಂದರ ಮೇಲೆ ಮಾಡಿಕೊಡುವ ವಿಧಾನವೇ ತೆಳುಪದರ ಕ್ರೊಮ್ಯಾಟೊಗ್ರಫಿ.

ಹೆಸರು ಎಲ್ಲಿಂದ ಬಂತು?

ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಹಾಯಿಸಿದಾಗ, ಹಸಿರು ರಸ ಹಲವು ಬಣ್ಣದ ಪಟ್ಟಿಗಳಾಗಿ ಒಡೆಯಿತು. 1906ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಅವರು ಇದನ್ನು 'ಕ್ರೊಮ್ಯಾಟೊಗ್ರಫಿ' ಎಂದು ಕರೆದರು, ಅಂದರೆ ಬಣ್ಣದ ಬರಹ. 1938ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ಇಜ್ಮಾಯ್ಲೋವ್ ಮತ್ತು ಶ್ರೈಬರ್ ಎಂಬ ವಿಜ್ಞಾನಿಗಳು ಕೊಳವೆಯ ಬದಲು ಗಾಜಿನ ಪಟ್ಟಿಯ ಮೇಲೆ ಪುಡಿಯ ತೆಳು ಪದರ ಹರಡಿ, ಔಷಧೀಯ ಸಸ್ಯಗಳ ಸಾರವನ್ನು ಪರೀಕ್ಷಿಸಿದರು. 1950ರ ದಶಕದಲ್ಲಿ ಜರ್ಮನಿಯ ಎಗಾನ್ ಸ್ಟಾಲ್ ಈ ವಿಧಾನಕ್ಕೆ ಒಂದು ಶಿಸ್ತು ತಂದು ಎಲ್ಲೆಡೆ ಹಬ್ಬಿಸಿದರು.

ಹಾಳೆಯ ಮೇಲೆ ನಡೆಯುವುದೇನು?

ಇಂದು ಸಾಮಾನ್ಯವಾಗಿ ಗಾಜು ಅಥವಾ ಅಲ್ಯೂಮಿನಿಯಂ ಹಾಳೆಯ ಮೇಲೆ ಸುಮಾರು 0.2 ಮಿಲಿಮೀಟರ್ ದಪ್ಪದ ಸಿಲಿಕಾ ಜೆಲ್ ಪದರ ಇರುತ್ತದೆ. ಹೊಸ ಚಪ್ಪಲಿಯ ಡಬ್ಬಿಯಲ್ಲಿ ತೇವ ಹೀರಲು ಇಡುತ್ತಾರಲ್ಲ, ಅದೇ ಸಿಲಿಕಾ ಜೆಲ್. ಅರಿಶಿನವನ್ನು ಆಲ್ಕೋಹಾಲ್‌ನಲ್ಲಿ ಕಲಕಿ, ತಿಳಿಯನ್ನು ಕೂದಲೆಳೆಯಂಥ ನಳಿಕೆಯಿಂದ ಹಾಳೆಯ ಕೆಳತುದಿಯಲ್ಲಿ ಒಂದು ಚುಕ್ಕೆಯಾಗಿ ಇಡುತ್ತಾರೆ. ಆರಂಭದ ಗೆರೆಯನ್ನು ಪೆನ್ಸಿಲ್‌ನಲ್ಲೇ ಎಳೆಯಬೇಕು. ಪೆನ್ನಿನಲ್ಲಿ ಎಳೆದರೆ ಶಾಯಿಯೂ ಕರಗಿ ಮೇಲೇರಿಬಿಡುತ್ತದೆ!

ನಂತರ ಸ್ವಲ್ಪ ದ್ರಾವಕವಿರುವ ಮುಚ್ಚಿದ ಜಾಡಿಯಲ್ಲಿ ಹಾಳೆಯನ್ನು ನಿಲ್ಲಿಸುತ್ತಾರೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ದ್ರಾವಕ ಪದರದಲ್ಲಿ ಮೇಲೇರುತ್ತದೆ. ಚುಕ್ಕೆಯಲ್ಲಿರುವ ಅಣುಗಳಿಗೆ ಎರಡು ಸೆಳೆತ: ಸಿಲಿಕಾಗೆ ಅಂಟಿಕೊಳ್ಳುವುದು, ಇಲ್ಲವೇ ದ್ರಾವಕದೊಂದಿಗೆ ಮುಂದೆ ಹೋಗುವುದು. ಜಾತ್ರೆಗೆ ಒಟ್ಟಿಗೇ ಹೊರಟ ಗೆಳೆಯರನ್ನು ನೆನಪಿಸಿಕೊಳ್ಳಿ. ಪ್ರತಿ ಅಂಗಡಿಯ ಮುಂದೆ ನಿಲ್ಲುವವರು ಹಿಂದೆ ಉಳಿಯುತ್ತಾರೆ, ಎಲ್ಲೂ ನಿಲ್ಲದವರು ಬೇಗ ತೇರಿನ ಬಳಿ ಸೇರುತ್ತಾರೆ. ಸಿಲಿಕಾದ ಮೇಲ್ಮೈ ತುಂಬ ಆಮ್ಲಜನಕ-ಜಲಜನಕದ ಜೋಡಿಗಳಿವೆ. ಅವುಗಳೊಂದಿಗೆ ಬಂಧ ಬೆಸೆಯಬಲ್ಲ ಅಣುಗಳು ನಿಧಾನವಾಗಿ ಏರುತ್ತವೆ.

ಅಣು ಏರಿದ ದೂರವನ್ನು ದ್ರಾವಕ ಏರಿದ ದೂರದಿಂದ ಭಾಗಿಸಿದರೆ ಸಿಗುವುದು ಆರ್‌ಎಫ್ ಮೌಲ್ಯ. ದ್ರಾವಕ 8 ಸೆಂಟಿಮೀಟರ್, ಚುಕ್ಕೆ 6 ಸೆಂಟಿಮೀಟರ್ ಏರಿದ್ದರೆ ಆರ್‌ಎಫ್ 0.75.

ಒಂದು ಹಳದಿ, ಮೂರು ಚುಕ್ಕೆ

ಶುದ್ಧ ಅರಿಶಿನದ ಒಂದು ಹಳದಿ ಚುಕ್ಕೆಯನ್ನು ಕ್ಲೋರೋಫಾರ್ಮ್‌ಗೆ ಸ್ವಲ್ಪ ಮೆಥನಾಲ್ ಬೆರೆಸಿದ ದ್ರಾವಕದಲ್ಲಿ ಏರಿಸಿದರೆ ಅದು ಮೂರು ಹಳದಿ ಚುಕ್ಕೆಗಳಾಗುತ್ತದೆ. ಎಲ್ಲಕ್ಕಿಂತ ಮೇಲೆ ಕರ್ಕ್ಯುಮಿನ್, ನಡುವೆ ಡಿಮೆಥಾಕ್ಸಿಕರ್ಕ್ಯುಮಿನ್, ಕೆಳಗೆ ಬಿಸ್‌ಡಿಮೆಥಾಕ್ಸಿಕರ್ಕ್ಯುಮಿನ್. ಈ ಮೂರಕ್ಕೂ ಇರುವ ವ್ಯತ್ಯಾಸ ಮೆಥಾಕ್ಸಿ ಎಂಬ ಪುಟ್ಟ ಗುಂಪಿನದು: ಮೊದಲನೆಯದರಲ್ಲಿ ಎರಡು, ಎರಡನೆಯದರಲ್ಲಿ ಒಂದು, ಮೂರನೆಯದರಲ್ಲಿ ಒಂದೂ ಇಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಮೆಥಾಕ್ಸಿಯಲ್ಲಿ ಆಮ್ಲಜನಕವಿದೆ. ಆಮ್ಲಜನಕ ಹೆಚ್ಚಿದಷ್ಟೂ ಸಿಲಿಕಾ ಹೆಚ್ಚು ಹಿಡಿದಿಡಬೇಕಲ್ಲವೇ? ಆದರೆ ಹಾಳೆ ತೋರಿಸುವುದು ಇದರ ತದ್ವಿರುದ್ಧ. ಕಾರಣ, ಮೆಥಾಕ್ಸಿ ತನ್ನ ಪಕ್ಕದಲ್ಲೇ ಇರುವ ಹೈಡ್ರಾಕ್ಸಿಲ್ ಗುಂಪಿನ ಜಲಜನಕವನ್ನು ತಾನೇ ಸೆಳೆದುಕೊಂಡಿರುತ್ತದೆ. ಕೈ ಆಗಲೇ ಬೇರೆಡೆ ಹಿಡಿದಿರುವುದರಿಂದ ಸಿಲಿಕಾದ ಹಿಡಿತ ಸಡಿಲವಾಗುತ್ತದೆ. ಅಣುವಿನೊಳಗಿನ ಇಂಥ ಸೂಕ್ಷ್ಮ ಸಂಗತಿಯನ್ನೂ ಒಂದು ಹಾಳೆ ನಮ್ಮ ಕಣ್ಣಿಗೆ ಕಾಣಿಸುತ್ತದೆ.

ಮೆಟಾನಿಲ್ ಯೆಲ್ಲೋ ಬೆರೆತಿದ್ದರೆ? ಅದು ವಿದ್ಯುದಾವೇಶವಿರುವ ಉಪ್ಪಿನಂಥ ಬಣ್ಣ. ಈ ದ್ರಾವಕದಲ್ಲಿ ಅದು ಹೆಚ್ಚು ದೂರ ಹೋಗದೆ ಆರಂಭದ ಗೆರೆಯ ಬಳಿಯೇ ಉಳಿಯುತ್ತದೆ. ಮೂರು ಚುಕ್ಕೆಗಳ ಜೊತೆ ಕೆಳಗೆ ಇನ್ನೊಂದು ಹಳದಿ ಕಂಡರೆ ಪ್ರಶ್ನೆ ಏಳುತ್ತದೆ. ಭಾರತದಲ್ಲಿ ಆಹಾರಕ್ಕೆ ಈ ಬಣ್ಣವನ್ನು ಬಳಸಲು ಅನುಮತಿಯಿಲ್ಲ.

ಎಲ್ಲಿ ಎಚ್ಚರ ಬೇಕು?

ಆರ್‌ಎಫ್ ಮೌಲ್ಯ ಗಾಳಿಯ ತೇವ, ಪದರದ ಗುಣ, ದ್ರಾವಕದ ಪ್ರಮಾಣಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಪುಸ್ತಕದ ಅಂಕಿಯನ್ನು ನಂಬಿ ತೀರ್ಪು ಕೊಡುವಂತಿಲ್ಲ. ಶುದ್ಧ ಕರ್ಕ್ಯುಮಿನ್, ಮೆಟಾನಿಲ್ ಯೆಲ್ಲೋ ಮತ್ತು ಪರೀಕ್ಷೆಯ ಅರಿಶಿನ, ಮೂರನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಏರಿಸಬೇಕು. ಅಕ್ಕಪಕ್ಕದ ಎರಡು ಚುಕ್ಕೆಗಳು ಬೇರೆ ಎತ್ತರದಲ್ಲಿದ್ದರೆ ಅವು ಬೇರೆ ವಸ್ತುಗಳೆನ್ನಬಹುದು. ಒಂದೇ ಎತ್ತರದಲ್ಲಿದ್ದರೆ 'ಒಂದೇ ಇರಬಹುದು' ಎಂದಷ್ಟೇ ಹೇಳಬಹುದು, ಏಕೆಂದರೆ ಬೇರೆ ಬೇರೆ ವಸ್ತುಗಳೂ ಆಕಸ್ಮಿಕವಾಗಿ ಒಂದೇ ಎತ್ತರಕ್ಕೆ ಬರಬಲ್ಲವು. ಆಗ ದ್ರಾವಕ ಬದಲಿಸಿ ಮತ್ತೆ ನೋಡಬೇಕು.

ಇದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಕರಗದ ವಸ್ತು ಹಾಳೆ ಏರುವುದಿಲ್ಲ. ಅರಿಶಿನಕ್ಕೆ ಸೇರಿಸುವ ಅತ್ಯಂತ ಅಪಾಯಕಾರಿ ಹಳದಿಗಳಲ್ಲೊಂದಾದ ಲೆಡ್ ಕ್ರೋಮೇಟ್ ಆಲ್ಕೋಹಾಲ್‌ನಲ್ಲಿ ಕರಗದೆ ತಳದಲ್ಲೇ ಕೂರುತ್ತದೆ. ಹಾಳೆಯ ಮೇಲೆ ಮೂರು ಸುಂದರ ಚುಕ್ಕೆಗಳು ಮೂಡಬಹುದು, ಪುಡಿಯಲ್ಲಿ ಸೀಸ ಇದ್ದೇ ಇರಬಹುದು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುವ ಲೋಹ. ಅದನ್ನು ಹುಡುಕಲು ಎಕ್ಸ್-ರೇ ಪ್ರತಿದೀಪ್ತಿಯಂಥ, ಧಾತುಗಳನ್ನೇ ಗುರುತಿಸುವ ಉಪಕರಣ ಬೇಕು.

ನೆರೆಯ ಬಾಂಗ್ಲಾದೇಶದಲ್ಲಿ ನಡೆದದ್ದು ಇದೇ. ಅಲ್ಲಿ ಅರಿಶಿನದ ಕೊಂಬಿಗೆ ಹೊಳಪು ಕೊಡಲು ಲೆಡ್ ಕ್ರೋಮೇಟ್ ಬಳಸುತ್ತಿದ್ದುದು ಸಂಶೋಧಕರಿಗೆ ತಿಳಿಯಿತು. 2019ರಲ್ಲಿ ಮಾರುಕಟ್ಟೆಯಿಂದ ತಂದ ಮಾದರಿಗಳಲ್ಲಿ ಶೇ. 47ರಷ್ಟರಲ್ಲಿ ಸೀಸ ಪತ್ತೆಯಾಗಿತ್ತು. ಜನರಲ್ಲಿ ಅರಿವು ಮೂಡಿಸಿ, ಸ್ಥಳದಲ್ಲೇ ಎಕ್ಸ್-ರೇ ಉಪಕರಣದಿಂದ ತಪಾಸಣೆ ನಡೆಸಿ, ತಪ್ಪಿತಸ್ಥರಿಗೆ ದಂಡ ಹಾಕಿದ ಮೇಲೆ 2021ರ ಹೊತ್ತಿಗೆ ಆ ಪ್ರಮಾಣ ಸೊನ್ನೆಗೆ ಇಳಿಯಿತು.

ಇದರಿಂದ ನಾವು ತಿಳಿಯಬೇಕಾದ್ದು ಎರಡು. ಬಣ್ಣ ಗಾಢವಾಗಿದ್ದ ಮಾತ್ರಕ್ಕೆ ಅರಿಶಿನ ಒಳ್ಳೆಯದಲ್ಲ, ಕೆಂಪಾದ ಮಾತ್ರಕ್ಕೆ ಕೆಟ್ಟದ್ದೂ ಅಲ್ಲ. ಹಾಗೆಯೇ ಯಾವ ಪರೀಕ್ಷೆಯೇ ಆಗಲಿ, ಅದು ಕೇಳುವ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ತೆಳುಪದರ ಕ್ರೊಮ್ಯಾಟೊಗ್ರಫಿ ಕೇಳುವುದು 'ಕರಗಿದ ವಸ್ತುಗಳು ಎಷ್ಟು, ಯಾವುವು?' ಎಂದು. ಕರಗದೆ ಉಳಿದದ್ದೇನು ಎಂಬುದನ್ನು ಬೇರೆ ಪರೀಕ್ಷೆಯಿಂದಲೇ ಕೇಳಬೇಕು.